ಅಲ್ಟ್ರಾಸಾನಿಕ್ ಫ್ಲೋಮೀಟರ್: ‘ಶಬ್ದಾತೀತ’ವೋ ‘ಶ್ರವಣಾತೀತ’ವೋ?

ಪ್ರಶ್ನೆ: ಪೈಪಿನ ಹೊರಮೈಗೆ ಕಟ್ಟಿ, ಧ್ವನಿಯ ಅಲೆಗಳಿಂದ ಒಳಗಿನ ನೀರಿನ ಹರಿವು ಅಳೆಯುವ ಅಲ್ಟ್ರಾಸಾನಿಕ್ ಫ್ಲೋಮೀಟರಿನ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಶಬ್ದಾತೀತ ಹರಿವುಮಾಪಕ’ ಎಂದಿದೆ. ಸರಿಯೇ? ಫ್ಲೋ, ವೆಲಾಸಿಟಿ ಎರಡಕ್ಕೂ ‘ಹರಿವು’ ಸಾಕೇ? ಟ್ರಾನ್ಸಿಟ್ ಟೈಮ್, ಕಪ್ಲೆಂಟ್, ಅಪ್‌ಸ್ಟ್ರೀಮ್ ಇವಕ್ಕೆ ಏನೆನ್ನುವುದು? ಬಲ್ಲವರು ತಿಳಿಸಿ.

ಉತ್ತರ: ‘ಶಬ್ದಾತೀತ’ ಖಂಡಿತ ಬೇಡ. ಅದು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಸಲ್ಲುವ ಮಾತು. ಇಲ್ಲಿ ಮೀರಿರುವುದು ಕಿವಿಯ ಮಿತಿಯನ್ನು, ಅಂದರೆ ಸೆಕೆಂಡಿಗೆ 20,000 ಕಂಪನವನ್ನು (20,000 ಹರ್ಟ್ಸ್). ನೀರಿನ ಪೈಪಿಗೆ ಸಾಮಾನ್ಯವಾಗಿ 1 ಮೆಗಾಹರ್ಟ್ಸ್ (10 ಲಕ್ಷ ಹರ್ಟ್ಸ್) ಆಸುಪಾಸಿನ ಧ್ವನಿ ಕಳಿಸಿ ಹಿಡಿಯುವ ಸೆನ್ಸರ್ ಹಾಕುತ್ತಾರೆ. ವೇಗ ಮಾತ್ರ ನೀರಿನಲ್ಲಿ ಎಲ್ಲ ಧ್ವನಿಗೂ ಇರುವಷ್ಟೇ, ಸೆಕೆಂಡಿಗೆ ಸುಮಾರು 1,480 ಮೀಟರ್. ಹಾಗಾಗಿ ‘ಶ್ರವಣಾತೀತ’ವೇ ಸರಿ.

ಕೆಆರ್‌ಎಸ್ ಒಳಹರಿವು ಇಷ್ಟು ಕ್ಯುಸೆಕ್ ಎಂದು ದಿನವೂ ಓದುವವರಿಗೆ ಹರಿವು ಎಂದರೆ ಇಷ್ಟು ಹೊತ್ತಿಗೆ ಇಷ್ಟು ನೀರು. ಆ ಅರ್ಥವನ್ನು ಕೆಡಿಸದೆ, ವೆಲಾಸಿಟಿಗೆ ‘ಹರಿವಿನ ವೇಗ’ ಎನ್ನಿ. ಈ ಮೀಟರು ಅಳೆಯುವುದು ವೇಗವನ್ನು. ಅದನ್ನು ಪೈಪಿನ ಒಳಗಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದ ಲೆಕ್ಕದಿಂದ ಹರಿವು ಬರುತ್ತದೆ. ಒಳವ್ಯಾಸ 100 ಮಿ.ಮೀ., ವೇಗ ಸೆಕೆಂಡಿಗೆ 1 ಮೀಟರ್ ಆದರೆ ಹರಿವು ಸೆಕೆಂಡಿಗೆ 7.85 ಲೀಟರ್. ಬರೀ ‘ವ್ಯಾಸ’ ಎಂದೂ ಬರೆಯಬೇಡಿ. ಅಂಗಡಿಯಲ್ಲಿ ‘ನಾಲ್ಕಿಂಚು’ ಎನ್ನುವ ಉಕ್ಕಿನ ಪೈಪಿನ ಹೊರವ್ಯಾಸ 114.3 ಮಿ.ಮೀ.! ಹೊರವ್ಯಾಸ, ಗೋಡೆಯ ದಪ್ಪ ಎರಡನ್ನೂ ಬಿಡಿಸಿ ಹೇಳದಿದ್ದರೆ ಲೆಕ್ಕ ಬುಡದಲ್ಲೇ ಕೆಡುತ್ತದೆ.

ಟ್ರಾನ್ಸಿಟ್ ಟೈಮಿಗೆ ‘ಸಾಗಣೆ ಸಮಯ’ ಎಂದರೆ ಲಾರಿ ನೆನಪಾಗುತ್ತದೆ. ‘ಹಾಯುವ ಸಮಯ’ ಎಂದರೆ ಹೇಗೆ? ಹೊಳೆ ಹಾಯುವ ಹಾಗೆ ಧ್ವನಿ ಒಂದು ಸೆನ್ಸರಿನಿಂದ ಇನ್ನೊಂದಕ್ಕೆ, ಮತ್ತೆ ಅಲ್ಲಿಂದ ಇಲ್ಲಿಗೆ ನೀರನ್ನು ಓರೆಯಾಗಿ ಹಾಯುತ್ತದೆ. ಸೆಳವಿನ ಜೊತೆ ಬೇಗ, ಸೆಳವಿಗೆ ಎದುರಾಗಿ ತಡ. ಮೇಲಿನದೇ ಪೈಪಿನಲ್ಲಿ 45 ಡಿಗ್ರಿ ಓರೆಯಲ್ಲಿ ಒಂದು ಸಲ ಹಾಯಲು ಸುಮಾರು 95 ಮೈಕ್ರೋಸೆಕೆಂಡ್. ಎರಡು ದಿಕ್ಕುಗಳ ನಡುವಿನ ವ್ಯತ್ಯಾಸ ಬರೀ 91 ನ್ಯಾನೊಸೆಕೆಂಡಿನಷ್ಟು. ಮೀಟರು ಹಿಡಿಯಬೇಕಾದದ್ದು ಇದನ್ನೇ.

ಕಪ್ಲೆಂಟಿಗೆ ‘ಜೋಡಕ’ ಎಂದರೆ ಫಿಟ್ಟರ್ ಪೈಪಿನ ಕಪ್ಲಿಂಗ್ ಎಂದುಕೊಳ್ಳುತ್ತಾನೆ. ಅದು ಜೋಡಿಸುವುದಿಲ್ಲ, ಅಂಟಿಸುವುದೂ ಇಲ್ಲ. ಸೆನ್ಸರಿಗೂ ಪೈಪಿಗೂ ನಡುವೆ ಗಾಳಿ ಉಳಿಯದಂತೆ ನೋಡಿಕೊಳ್ಳುತ್ತದೆ. ‘ಜೆಲ್’ ಸಾಕು: “ತುಕ್ಕು, ಎದ್ದ ಬಣ್ಣ ಕೆರೆದು ತೆಗೆಯಿರಿ, ಜೆಲ್ ಹಚ್ಚಿ ಸೆನ್ಸರ್ ಒತ್ತಿ ಪಟ್ಟಿ ಬಿಗಿಯಿರಿ.”

ಅಪ್‌ಸ್ಟ್ರೀಮಿಗೆ ‘ಮೇಲೆ’, ಡೌನ್‌ಸ್ಟ್ರೀಮಿಗೆ ‘ಕೆಳಗೆ’ ಎಂದು ಬರೆದರೆ ಫಿಟ್ಟರ್ ಸೆನ್ಸರನ್ನು ಪೈಪಿನ ನೆತ್ತಿಗೂ ಅಡಿಗೂ ಕಟ್ಟಿ ಕೆಲಸವೇ ಕೆಡುತ್ತದೆ. ಮಲಗಿಸಿದ ಪೈಪಿನ ನೆತ್ತಿಯಲ್ಲಿ ಗಾಳಿ ಸೇರುತ್ತದೆ, ಅಡಿಯಲ್ಲಿ ಹೂಳು. ಸೆನ್ಸರ್ ಕೂರಬೇಕಾದದ್ದು ಮಗ್ಗುಲಲ್ಲಿ. ‘ನೀರು ಬರುವ ಕಡೆ’, ‘ನೀರು ಹೋಗುವ ಕಡೆ’ ಎನ್ನಿ. ಬರುವ ಕಡೆ ವ್ಯಾಸದ 10 ಪಟ್ಟು, ಹೋಗುವ ಕಡೆ 5 ಪಟ್ಟು ನೇರ ಪೈಪು ಇರಬೇಕು ಎಂಬ ವಾಕ್ಯಕ್ಕೂ ಅದೇ ಪದಗಳು ಹೊಂದುತ್ತವೆ. ಎರಡು ಸೆನ್ಸರ್ ಅದಲುಬದಲಾದರೆ ಹರಿವು ಮೈನಸ್‌ನಲ್ಲಿ ಕಾಣುತ್ತದೆ ಎಂಬುದನ್ನೂ ಅಲ್ಲೇ ಸೇರಿಸಿ.