ಕರಿ ಕೋಟು, ಬಿಳಿ ಬ್ಯಾಂಡ್: ನಿಯಮ ಎಷ್ಟು, ರೂಢಿ ಎಷ್ಟು? (ಪ್ರಶ್ನೋತ್ತರ)

ಪ್ರಶ್ನೆ: ಹೊಸ ವಕೀಲೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸನ್ನದು (ವಕೀಲಿಕೆಯ ಪರವಾನಗಿ) ಸಿಕ್ಕಿ ನಾಲ್ಕು ತಿಂಗಳಾಯಿತು. ಸೀನಿಯರ್ ಆಫೀಸಿನಲ್ಲಿ ದಿನಕ್ಕೊಂದು ಮಾತು. ಸೀರೆಯೇ ಉಟ್ಟು ಬಾ, ಚೂಡಿದಾರ್ ಕೋರ್ಟಿಗೆ ಒಪ್ಪಲ್ಲ. ಪ್ಯಾಂಟಂತೂ ಬೇಡವೇ ಬೇಡ. ಮೂಗುತಿ ಸಣ್ಣದು ಹಾಕು. ಹಣೆ ಮೇಲಿನ ವಿಭೂತಿ ಒರೆಸಿಕೊಂಡು ಒಳಗೆ ಬಾ. ಇದರಲ್ಲಿ ನಿಯಮ ಯಾವುದು, ಹೇಳಿದವರ ಅಭಿಪ್ರಾಯ ಯಾವುದು? ಇನ್ನೊಂದು, ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಕೋಟು ಬಿಡಬಹುದಾ?

ಉತ್ತರ: ವಕೀಲರು, ಬೆಂಗಳೂರು

ಮೇಡಂ, ಮೊದಲು ಮೂಲ ಓದಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳ 6ನೇ ಭಾಗ, 4ನೇ ಅಧ್ಯಾಯ. ತುಂಬ ಚಿಕ್ಕದು, ಚಹಾ ಆರುವುದರೊಳಗೆ ಓದಿ ಮುಗಿಯುತ್ತದೆ. ಆದರೂ ಓದಿದವರು ಕಡಿಮೆ, ಓದದೆ ಬುದ್ಧಿ ಹೇಳುವವರು ಜಾಸ್ತಿ.

ಮಹಿಳಾ ವಕೀಲರ ಪಟ್ಟಿಯಲ್ಲಿ ಏನೇನಿದೆ ನೋಡಿ. ಮೇಲುಡುಪಿಗೆ ಎರಡು ದಾರಿ: ಕಪ್ಪು ತುಂಬುತೋಳಿನ ಜಾಕೆಟ್ ಅಥವಾ ರವಿಕೆ, ಬಿಳಿ ಕಾಲರ್, ಬ್ಯಾಂಡ್ (ಕೊರಳಿನಿಂದ ಇಳಿಬೀಳುವ ಎರಡು ಬಿಳಿ ಪಟ್ಟಿ), ಗೌನ್. ಇಲ್ಲವೇ ಬಿಳಿ ರವಿಕೆ (ಕಾಲರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ), ಬ್ಯಾಂಡ್, ಮೇಲೆ ಕಪ್ಪು ಕೋಟು. ಕೆಳಗಿನ ಉಡುಪಿಗೆ ಸೀರೆ, ಉದ್ದ ಲಂಗ, ಫ್ಲೇರ್ (ಕೆಳಗೆ ಅಗಲವಾಗುವ ಸಡಿಲ ಪ್ಯಾಂಟ್), ಚೂಡಿದಾರ್-ಕುರ್ತಾ, ಸಲ್ವಾರ್-ಕುರ್ತಾ, ಸಾಂಪ್ರದಾಯಿಕ ಉಡುಪು. ಇವುಗಳಲ್ಲಿ ಮೇಲು ಕೀಳು ಎಂದೇನೂ ಬರೆದಿಲ್ಲ. ಚೂಡಿದಾರ್ ಯಾರೋ ಕೊಟ್ಟ ರಿಯಾಯಿತಿಯಲ್ಲ, ಸೀರೆಯ ಪಕ್ಕದಲ್ಲೇ ಅದರ ಹೆಸರಿದೆ. ದುಪಟ್ಟಾ ಹಾಕುವುದು ಬಿಡುವುದು ನಿಮ್ಮಿಷ್ಟ ಎಂದೂ ಇದೆ.

ನಿಜವಾದ ಕಟ್ಟು ಇರುವುದು ಬಣ್ಣಕ್ಕೆ. ಸೀರೆ, ಲಂಗ ಬಿಳಿ, ಕಪ್ಪು ಅಥವಾ ಕಣ್ಣಿಗೆ ಹೊಡೆಯದ ಮಂದ ಬಣ್ಣ. ಅದರ ಮೇಲೆ ಪ್ರಿಂಟ್ ಅಥವಾ ಡಿಸೈನ್ ಕೂಡದು. ಚೂಡಿದಾರ್, ಸಲ್ವಾರ್ ಬಿಳಿ ಅಥವಾ ಕಪ್ಪು. ಹೂವಿನ ಪ್ರಿಂಟಿನ ಕುರ್ತಾ ಮೇಲೆ ಕೋಟು ಹಾಕಿಕೊಂಡು ಬಂದು ಮಾತು ಕೇಳಿಸಿಕೊಂಡವರು ‘ಚೂಡಿದಾರ್ ನಡೆಯಲ್ಲ’ ಎಂದು ಸುದ್ದಿ ಹಬ್ಬಿಸುತ್ತಾರೆ. ಆಕ್ಷೇಪ ಬಂದದ್ದು ಹೂವಿಗೆ.

ಪ್ಯಾಂಟಿನ ವಿಷಯ ಸ್ವಲ್ಪ ಸೂಕ್ಷ್ಮ. ಮಹಿಳೆಯರ ಪಟ್ಟಿಯಲ್ಲಿ ಇರುವ ಪದ ‘ಫ್ಲೇರ್’. ಬಿಳಿ, ಕಪ್ಪು, ಕಪ್ಪು ಪಟ್ಟೆ ಅಥವಾ ಬೂದು. ಕಾಲಿಗೆ ಅಂಟಿಕೊಳ್ಳುವ ಪೆನ್ಸಿಲ್ ಪ್ಯಾಂಟ್, ಲೆಗ್ಗಿಂಗ್ಸ್ ಹಾಕಿ ‘ನಿಯಮದಲ್ಲಿದೆ’ ಎಂದು ವಾದಿಸಲು ಹೋದರೆ ಸೋಲುತ್ತೀರಿ. ನೇರ ಕಟ್ಟಿನ, ಸಡಿಲವಾದ ಕಪ್ಪು ಪ್ಯಾಂಟಿಗೆ ಜಗಳವೇ ಬರುವುದಿಲ್ಲ.

ಮೂಗುತಿ, ಕುಂಕುಮ, ವಿಭೂತಿ, ತಾಳಿ, ಕೊರಳಿನ ಲಿಂಗ: ಯಾವುದರ ಬಗ್ಗೆಯೂ ನಿಯಮದಲ್ಲಿ ಒಂದಕ್ಷರವಿಲ್ಲ. ನಿಗದಿತ ಉಡುಪಿನಲ್ಲೇ ಬರಬೇಕು, ನೋಡಲು ಒಪ್ಪವಾಗಿರಬೇಕು, ಇಷ್ಟೇ ಇರುವುದು. ವಿಭೂತಿ ಒರೆಸಬೇಡಿ. ಮೂಗುತಿ ಬದಲಿಸಬೇಡಿ. ಆದರೆ ಗೆಜ್ಜೆ, ಕೈತುಂಬ ಗಾಜಿನ ಬಳೆ ಇದ್ದ ದಿನ ಪಾಟೀ ಸವಾಲಿದ್ದರೆ ಯೋಚಿಸಿ. ಕಾಗದ ತಿರುವಿದಾಗಲೆಲ್ಲ ಸದ್ದು. ಸಾಕ್ಷಿ ಹೇಳಿದ್ದು ಸ್ಟೆನೋಗೆ ಕೇಳುವುದಿಲ್ಲ, ಮತ್ತೆ ಹೇಳಿಸಬೇಕಾಗುತ್ತದೆ. ಅಷ್ಟರಲ್ಲಿ ಸಾಕ್ಷಿಗೆ ಯೋಚಿಸಲು ಸಮಯ ಸಿಕ್ಕಿರುತ್ತದೆ.

ಇನ್ನು ಬಿಸಿಲು. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂದು ಅದೇ ಅಧ್ಯಾಯದಲ್ಲಿದೆ. ಈ ನಿಯಮಗಳಿಗೆ ಆಧಾರವಾದ ಅಡ್ವೊಕೇಟ್ಸ್ ಕಾಯ್ದೆ, 1961ರ 49(1)(ಜಿಜಿ) ಕಲಮೇ ಹವಾಮಾನ ನೋಡಿಕೊಂಡು ಉಡುಪು ಗೊತ್ತುಮಾಡಿ ಎನ್ನುತ್ತದೆ. ಆದರೆ ಬೇಸಿಗೆ ಯಾವಾಗ ಶುರು, ಯಾವಾಗ ಮುಗಿಯಿತು ಎಂದು ನಿಯಮ ಹೇಳುವುದಿಲ್ಲವಾದ್ದರಿಂದ ಸುತ್ತೋಲೆಗೆ ಕಾಯುವುದು ಜಾಣತನ. 2024ರಲ್ಲಿ ಬೆಂಗಳೂರು ವಕೀಲರ ಸಂಘ ಮನವಿ ಕೊಟ್ಟ ಮೇಲೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 18ರಿಂದ ಮೇ 31ರವರೆಗೆ ವಿಚಾರಣಾ ನ್ಯಾಯಾಲಯಗಳಲ್ಲಿ ಕೋಟಿಗೆ ವಿನಾಯಿತಿ ಕೊಟ್ಟಿತು. ವಿನಾಯಿತಿ ಕೋಟಿಗೆ ಮಾತ್ರ. ಬಿಳಿ ಬ್ಯಾಂಡ್ ಇರಲೇಬೇಕು. ಕಲಬುರಗಿಯಲ್ಲಿ ಎಡವುವ ಜಾಗ ಇದೇ. ಬೆಳಿಗ್ಗೆ ಜಿಲ್ಲಾ ಕೋರ್ಟಿನಲ್ಲಿ ಬರೀ ಬ್ಯಾಂಡಿನಲ್ಲಿ ನಿಂತವರು ಮಧ್ಯಾಹ್ನ ಹೈಕೋರ್ಟ್ ಪೀಠಕ್ಕೆ ಹೋದರೆ ಕೋಟು, ಗೌನ್ ಎರಡೂ ಬೇಕು. ಒಂದೇ ಊರು, ಒಂದೇ ಬಿಸಿಲು, ಎರಡು ಲೆಕ್ಕ. ಗಾಡಿಯಲ್ಲಿ ಒಂದು ಕೋಟು ಇಟ್ಟಿರಿ.

ಪ್ರಶ್ನೆ: ಮಡಿಕೇರಿ

ಸರ್, ‘ಸಾಂಪ್ರದಾಯಿಕ ಉಡುಪು’ ಅಂದರೆ ಕೊಡವ ರೀತಿ ಉಟ್ಟ ಸೀರೆಯೂ ಸೇರುತ್ತದಾ? ಕೋಟು ಹಾಕಿದರೆ ಹಿಂದೆ ಗೂನು ಬಂದ ಹಾಗೆ ಕಾಣುತ್ತದೆ.

ಉತ್ತರ: ವಕೀಲರು, ಬೆಂಗಳೂರು

ಸೇರುತ್ತದೆ. ಸೀರೆ ಎಂದಿದೆಯೇ ಹೊರತು ಹೇಗೆ ಉಡಬೇಕು ಎಂದಿಲ್ಲ. ಗಂಡಸರ ಪಟ್ಟಿಯಲ್ಲಿ ಪಂಚೆಯೂ ಇದೆ, ಶೇರ್ವಾನಿಯೂ ಇದೆ. ಹೆಸರು ಹಿಡಿದು ಹೊರಗಿಟ್ಟಿರುವುದು ಜೀನ್ಸನ್ನು. ಗೂನಿನ ಪ್ರಶ್ನೆಗೆ ನಮ್ಮ ಟೈಲರ್ ಸಾಹೇಬರು ಉತ್ತರಿಸಲಿ.

ಉತ್ತರ: ವಕೀಲರ ಕೋಟು ಹೊಲಿಯುವ ಟೈಲರ್, ಹುಬ್ಬಳ್ಳಿ

ನೋಡ್ರಿ ಮೇಡಂ, ತಪ್ಪು ಸೀರೀದಲ್ಲ, ಕೋಟಿಂದು. ಕೊಡವ ಸೀರಿ ನಿರಗಿ ಹಿಂದ ಬರ್ತಾವ, ಸೆರಗು ಎಡಗಂಕುಳದ ಕೆಳಗಿಂದ ಬಂದು ಬಲಭುಜದ ಮ್ಯಾಲ ಪಿನ್ ಆಗ್ತದ. ರೆಡಿಮೇಡ್ ಕೋಟಿನ ಹಿಂದ ನಡುವ ಒಂದ ಸೀಳು ಇರ್ತದ, ನಿರಗಿ ದಪ್ಪಕ್ಕ ಅದು ಬಾಯಿ ತೆರದು ನಿಲ್ಲತದ. ಅದಕ್ಕ ಎರಡೂ ಪಕ್ಕಕ್ಕ ಸೀಳು ಇಡಸ್ರಿ, 8 ಇಂಚು ಸಾಕು. ಹಿಂದಿನ ತುಂಡು ನಿರಗಿ ಮ್ಯಾಲ ಸಾಫ್ ಕೂಡತದ. ಭುಜದ ಪ್ಯಾಡ್ ಎರಡೂ ಕಡೆ ತಗಸ್ರಿ. ಬಲಕ್ಕಷ್ಟ ತಗದರ ಎಡಭುಜ ಎದ್ದು ಕಾಣತದ. ಅಳತಿ ಕೊಡೂವಾಗ ಸೀರಿ ಉಟ್ಕೊಂಡ ಬರ್ರಿ. ಚೂಡಿದಾರ್ ಮ್ಯಾಲ ಅಳತಿ ಕೊಟ್ಟು ಸೀರಿ ಮ್ಯಾಲ ಹಾಕ್ಕೊಂಡರ ಎದಿ, ಭುಜ ಎರಡೂ ಹಿಡೀತಾವ.

ಬ್ಯಾಸಗಿ ಕೋಟಿಗೆ ಬಟ್ಟಿ ತೊಗೊಳೂವಾಗ ಬರೀ ಪಾಲಿಯೆಸ್ಟರ್ ಬ್ಯಾಡ್ರಿ. ಟೆರಿವೂಲ್‌ನಾಗ (ಪಾಲಿಯೆಸ್ಟರ್, ಉಣ್ಣಿ ಕೂಡಿದ್ದು) ತೆಳೂದು ಕೇಳ್ರಿ, 200ರಿಂದ 240 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಒಳಗ. ಗಂಡಸರ ಕೋಟಿಗೆ 58 ಇಂಚು ಪನ್ನಾದ್ದು 2 ಮೀಟರ್ ಹತ್ತತದ. ಬಟ್ಟಿಗಿಂತ ಹೆಚ್ಚು ಕುದಸೂದು ಅಸ್ತರ. ಪೂರ್ತಿ ಅಸ್ತರ ಹಾಕಿದ್ರ ಪ್ಲಾಸ್ಟಿಕ್ ಚೀಲ ಹಾಕ್ಕೊಂಡಂಗ. ಅರ್ಧ ಅಸ್ತರ ಹಾಕಸ್ರಿ: ತೋಳಿನಾಗ, ಎದಿ ಕಡೆ, ಬೆನ್ನಿನ ಮ್ಯಾಲಭಾಗದಾಗ ಅಷ್ಟ. ತೋಳಿಂದು ಮಾತ್ರ ತಗೀಬ್ಯಾಡ್ರಿ, ತಗದ್ರ ಬೆವತ ಕೈ ಒಳಗ ಹೋಗೂದಿಲ್ಲ, ಅಂಗಿ ತೋಳು ಮುದ್ದಿ ಆಗತದ. ಹೆಣ್ಣಮಕ್ಕಳ ಕೋಟಿಗೆ ಕಿಸೆ ಇಡೂದ ಇಲ್ಲ ಅಂತಾರ ಕೆಲವ್ರು, ಯಾಕೋ ಏನೋ. ಒಳಗಡೆ ಎರಡು ಕಿಸೆ ಕೇಳಿ ಇಡಸ್ರಿ, ಒಂದರಾಗ ಮಡಚಿದ ಬ್ಯಾಂಡ್ ಇರಲಿ.

ಕಂಕುಳದಾಗ ಬಿಳಿ ಗೆರಿ ಬರ್ತಾವಲ್ಲ, ಅದು ಬೆವರಿನ ಉಪ್ಪು. ಮನಿಗೆ ಬಂದ ಕೂಡಲೆ ಒದ್ದಿ ಅರಿವಿಲೆ ಒರಸಿ, ನೆರಳಿಗೆ ಹ್ಯಾಂಗರ್‌ಗೆ ಹಾಕ್ರಿ. ಒಣಗಿದ ಉಪ್ಪಿನ ಮ್ಯಾಲ ಇಸ್ತ್ರಿ ಒತ್ತಿದ್ರ ಕಲಿ ಕೂತಬಿಡತದ. ಬಿಸಲಿಗೆ ಹಾಕಿದ್ರ ಕರಿ ಬಣ್ಣ ಕಂದಾಗತದ.

ಪ್ರಶ್ನೆ: ಬಾಗಲಕೋಟೆ

ಇಳಕಲ್ ಸೀರೆ ಉಡಬಹುದಾ? ನಮ್ಮ ಊರಿನ ನೇಯ್ಗೆ, ಬಿಡಲು ಮನಸ್ಸಿಲ್ಲ.

ಉತ್ತರ: ವಕೀಲರು, ಬೆಂಗಳೂರು

ಮನಸ್ಸು ಅರ್ಥವಾಗುತ್ತದೆ, ನಿಯಮ ನಿಮ್ಮ ಪರ ಪೂರ್ತಿ ಇಲ್ಲ. ಕೆಂಪು ಟೋಪ್ ತೆನಿ (ಗೋಪುರದಂಥ ವಿನ್ಯಾಸದ) ಸೆರಗು ಮುಕ್ಕಾಲು ಪಾಲು ಕೋಟಿನೊಳಗೆ ಮುಚ್ಚಿಹೋಗುತ್ತದೆ, ಆದರೆ ಅಗಲ ಅಂಚು ಪಾದದ ಹತ್ತಿರ ಎದ್ದು ಕಾಣುತ್ತದೆ. ‘ಡಿಸೈನ್ ಇಲ್ಲದ’ ಎಂಬ ಮಾತಿಗೆ ಅದು ಸಿಕ್ಕಿಬೀಳುತ್ತದೆ. ‘ಸಾಂಪ್ರದಾಯಿಕ ಉಡುಪು’ ಎಂಬ ಪದ ಹಿಡಿದು ವಾದಿಸಬಹುದು. ಕಕ್ಷಿದಾರರ ಕೇಸಿನ ದಿನ ಆ ವಾದಕ್ಕೆ ಸಮಯ ಖರ್ಚಾಗಬಾರದು ಅಷ್ಟೆ. ತಾಲ್ಲೂಕು ಕೋರ್ಟಿನಲ್ಲಿ ಕಡುನೀಲಿ ಅಥವಾ ಕಪ್ಪು ಒಡಲು, ಸಣ್ಣ ಅಂಚು ಇರುವುದನ್ನು ಉಡಿ. ಹೈಕೋರ್ಟಿಗೆ ನೇಕಾರರಿಗೇ ಹೇಳಿ ಒಡಲು, ಅಂಚು ಒಂದೇ ಬಣ್ಣದಲ್ಲಿ ನೇಯಿಸಿಕೊಂಡರೆ ಕೈಮಗ್ಗವೂ ಉಳಿಯಿತು, ನಿಯಮವೂ ಉಳಿಯಿತು.

ಪ್ರಶ್ನೆ: ಭಟ್ಕಳ

ತಲೆವಸ್ತ್ರ?

ಉತ್ತರ: ವಕೀಲರು, ಬೆಂಗಳೂರು

ತಲೆಯ ಬಗ್ಗೆ ನಿಯಮ ಮೌನ. ಸಿಖ್ ವಕೀಲರು ಪೇಟದಲ್ಲೇ ವಾದಿಸುತ್ತಾರೆ. ಸಾದಾ ಕಪ್ಪು ಅಥವಾ ಬಿಳಿ ಬಟ್ಟೆ ಇರಲಿ, ತುದಿಗಳನ್ನು ಕೋಟಿನೊಳಗೆ ಸೇರಿಸಿ, ಬ್ಯಾಂಡ್ ಪೂರ್ತಿ ಕಾಣಲಿ. ಮುಖ ಮುಚ್ಚುವುದು ಬೇರೆ ಪ್ರಶ್ನೆ: ಮುಖ ಮುಚ್ಚಿ ಹಾಜರಾಗಲು ಉಡುಪಿನ ನಿಯಮದಲ್ಲಿ ಅವಕಾಶವಿಲ್ಲ ಎಂದು ಜಮ್ಮು-ಕಾಶ್ಮೀರ ಮತ್ತು ಲಡಾಖ್ ಹೈಕೋರ್ಟ್ 2024ರಲ್ಲಿ ಹೇಳಿದೆ. ಎದುರಿಗಿರುವ ವಕೀಲರು ಯಾರೆಂದು ಕೋರ್ಟಿಗೆ ಗೊತ್ತಾಗಬೇಕಲ್ಲ.

ಪ್ರಶ್ನೆ: ಮೈಸೂರು

ನಾನು ಟ್ರಾನ್ಸ್ ಮಹಿಳೆ. ಸನ್ನದಿನಲ್ಲಿ ಹಳೆಯ ಹೆಸರೇ ಇದೆ. ಸೀರೆ ಉಟ್ಟು ಹಾಜರಾದರೆ ತೊಂದರೆಯೇ?

ಉತ್ತರ: ವಕೀಲರು, ಬೆಂಗಳೂರು

ಒಬ್ಬರ ಲಿಂಗತ್ವವನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದೂ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲೇ ಹೇಳಿದೆ. ಸೀರೆಯಿಂದ ಬರುವ ತೊಂದರೆಗಿಂತ ಹೆಸರಿನದೇ ದೊಡ್ಡದು ಮೇಡಂ. ವಕಾಲತ್ತಿನಲ್ಲಿ ಒಂದು ಹೆಸರು, ಎದ್ದು ನಿಂತವರು ಹೇಳುವುದು ಇನ್ನೊಂದು ಹೆಸರು ಎಂದಾಗ ಬೆಂಚ್ ಕ್ಲರ್ಕ್ ತಡೆಯುತ್ತಾರೆ, ಎಲ್ಲರ ಕಣ್ಣು ತಿರುಗುತ್ತದೆ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬದಲಾವಣೆಗೆ ಮೊದಲು ಅರ್ಜಿ ಕೊಡಿ. ಅದು ಮುಗಿಯುವವರೆಗೆ ವಕಾಲತ್ತಿಗೆ ಸನ್ನದಿನ ಹೆಸರಲ್ಲೇ ಸಹಿ ಹಾಕಿ. ಉಡುಪು ಮಾತ್ರ ಕಾಯಬೇಕಾಗಿಲ್ಲ.

ಪ್ರಶ್ನೆ: ತಿಪಟೂರು

ಬ್ಯಾಂಡ್ ಬದಲು ಟೈ ಕಟ್ಟಬಹುದಾ? ಬ್ಯಾಂಡ್ ಎರಡೇ ವಾರದಲ್ಲಿ ಹಳದಿ ಆಗುತ್ತಿದೆ.

ಉತ್ತರ: ವಕೀಲರು, ಬೆಂಗಳೂರು

ಸುಪ್ರೀಂ ಕೋರ್ಟ್, ಹೈಕೋರ್ಟ್, ಜಿಲ್ಲಾ, ಸೆಷನ್ಸ್, ಸಿಟಿ ಸಿವಿಲ್ ಕೋರ್ಟುಗಳನ್ನು ಬಿಟ್ಟು ಉಳಿದಲ್ಲಿ ಕಪ್ಪು ಟೈ ನಡೆಯುತ್ತದೆ. ಆದರೂ ಬ್ಯಾಂಡ್ ಜೇಬಿನಲ್ಲಿರಲಿ. ಕೋರ್ಟಿನ ಆವರಣ ದಾಟಿದ ಮೇಲೆ ಅದನ್ನು ಬಿಚ್ಚಿ; ಬ್ಯಾಂಡ್, ಗೌನ್ ಹಾಕಿಕೊಂಡು ಬಸ್‌ಸ್ಟ್ಯಾಂಡ್, ಹೋಟೆಲ್ ಸುತ್ತುವುದನ್ನು ನಿಯಮ ಒಪ್ಪುವುದಿಲ್ಲ.

ಉತ್ತರ: ಟೈಲರ್, ಹುಬ್ಬಳ್ಳಿ

ಹಳದಿ ಆಗೂದು ಗಂಜಿ ಸುಟ್ಟು. ಕಾಟನ್ ಬ್ಯಾಂಡಿಗೆ ಗಂಜಿ ತೆಳ್ಳಗಿರಲಿ, ಒಂದು ಲೀಟರ್ ನೀರಿಗೆ ಎರಡು ಚಮಚ ಮೈದಾ ಕುದಿಸಿ ಸೋಸಿದ್ದು. ಅರ್ಧ ಹಸಿ ಇದ್ದಾಗ, ಮ್ಯಾಲ ತೆಳು ಅರಿವಿ ಹಾಕಿ ಇಸ್ತ್ರಿ ಒತ್ರಿ. ಹಳೇ ಗಂಜಿ ಪೂರ್ತಿ ತೊಳೀದ ಹೊಸಾದು ಹಾಕಬ್ಯಾಡ್ರಿ. ಆರು ಬ್ಯಾಂಡ್ ಇದ್ರ ಒಂದಕ್ಕ ವಾರಕ್ಕೊಂದ ಸಲ ಪಾಳಿ ಬರ್ತದ. ಸೀರಿ ರವಿಕಿಗೆ ಕಾಲರ್ ಇರೂದಿಲ್ಲ, ಹಂಗಾಗಿ ಕಾಲರ್ ಕೂಡೇ ಇರೂ ಬ್ಯಾಂಡ್ ತೊಗೊಳ್ರಿ.

ಪ್ರಶ್ನೆ: ಹೊಸ ವಕೀಲೆ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಕೊನೆಯದು: ಬಿಳಿ ಚೂಡಿದಾರ್ ನೋಡಿ ನ್ಯಾಯಾಧೀಶರೇ ತೆರೆದ ಕೋರ್ಟಿನಲ್ಲಿ ಆಕ್ಷೇಪ ಎತ್ತಿದರೆ?

ಉತ್ತರ: ವಕೀಲರು, ಬೆಂಗಳೂರು

ಆ ಕ್ಷಣ ವಾದ ಬೇಡ. ‘ನಿಯಮದಲ್ಲಿ ಅವಕಾಶವಿದೆ, ಪ್ರತಿ ತೋರಿಸಬಹುದೇ’ ಎಂದು ಒಂದೇ ಸಲ ಕೇಳಿ. ಬೇಡ ಎಂದರೆ ಪಾಸ್‌ಓವರ್ (ಕೇಸನ್ನು ಅದೇ ದಿನ ಸ್ವಲ್ಪ ಹೊತ್ತು ಬಿಟ್ಟು ಕರೆಯಲು) ಕೇಳಿಕೊಳ್ಳಿ, ಇಲ್ಲವೇ ಆ ದಿನದ ಮಟ್ಟಿಗೆ ಸಹೋದ್ಯೋಗಿಯಿಂದ ಕೇಸು ನಡೆಸಿ. ನಿಮ್ಮ ಉಡುಪಿಗಾಗಿ ಕಕ್ಷಿದಾರರ ಅರ್ಜಿ ವಜಾ ಆಗಬಾರದು. ಸಂಜೆ ದಿನಾಂಕ, ಕೋರ್ಟ್ ಹಾಲ್, ಆಡಿದ ಮಾತು ಬರೆದಿಟ್ಟು ವಕೀಲರ ಸಂಘದ ಮೂಲಕ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ತಿಳಿಸಿ. ಹಲವರು ಎತ್ತಿದ ದನಿಗೆ ಬೆಲೆಯಿದೆ: ತೆರೆದ ಕೋರ್ಟಿನಲ್ಲಿ ವಕೀಲೆಯರು ಕೂದಲು ಸರಿಪಡಿಸಿಕೊಳ್ಳಬಾರದು ಎಂದು ಪುಣೆ ಜಿಲ್ಲಾ ನ್ಯಾಯಾಲಯದಲ್ಲಿ 2022ರ ಅಕ್ಟೋಬರ್‌ನಲ್ಲಿ ಹಾಕಿದ್ದ ನೋಟಿಸು ವಿರೋಧ ಬಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು.

ಆ ನಿಯಮದ ಪುಟದ ಎರಡು ಪ್ರತಿ ತೆಗೆಸಿಕೊಳ್ಳಿ. ಒಂದು ಫೈಲಿನಲ್ಲಿರಲಿ. ಇನ್ನೊಂದನ್ನು ಸೀನಿಯರ್ ಮೇಜಿನ ಮೇಲೆ ಮರೆತು ಬಿಟ್ಟುಬನ್ನಿ.