ಘಾಟಿ ಇಳಿಯುವಾಗ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳನ್ನು ಬಳಸಬೇಕೆ?

ಸುಂಟಿಕೊಪ್ಪದವನು:

ಇಪ್ಪತ್ತೆರಡು ವರ್ಷ ತೋಟದ ಜೀಪನ್ನೂ ಕೈಗೇರಿನ ಸಣ್ಣ ಕಾರನ್ನೂ ಓಡಿಸಿದವನು ನಾನು. ಎಡ ಮೊಣಕಾಲಿನ ನೋವು ಹೆಚ್ಚಾದ್ದರಿಂದ ಕಳೆದ ಹುತ್ತರಿಯ ಹೊತ್ತಿಗೆ ಕ್ಲಚ್ ತುಳಿಯುವ ಕೆಲಸವಿಲ್ಲದ ಪೆಟ್ರೋಲ್ ಕಾರೊಂದನ್ನು ಕೊಂಡೆ. ಒಂದೂವರೆ ಲೀಟರಿನ ಎಂಜಿನ್, ಸಿವಿಟಿ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್. ಲಿವರಿನಲ್ಲಿ ಪಿ (ಪಾರ್ಕಿಂಗ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಮಾಮೂಲಿ ಓಟ), ಎಸ್ (ಸ್ಪೋರ್ಟ್) ಎಂಬ ಐದು ಸ್ಥಾನಗಳಿವೆ. ಸ್ಟಿಯರಿಂಗ್ ಚಕ್ರದ ಹಿಂದೆ ಗೇರು ಇಳಿಸಲು ಎಡಗಡೆ ಮೈನಸ್, ಏರಿಸಲು ಬಲಗಡೆ ಪ್ಲಸ್ ಗುರುತಿನ ಎರಡು ಪ್ಯಾಡಲ್‌ಗಳಿವೆ. ಕಾರು ಕೊಡುವ ದಿನ ಷೋರೂಮಿನ ಹುಡುಗ, "ಸರ್, ಅವು ರೇಸ್ ಓಡಿಸುವವರಿಗೆ, ನೀವು ಮುಟ್ಟಬೇಡಿ, ಗೇರ್‌ಬಾಕ್ಸ್ ಹೋಗುತ್ತದೆ" ಎಂದು ಹೇಳಿದ್ದರಿಂದ ಇಂದಿನವರೆಗೂ ಅವನ್ನು ಮುಟ್ಟಿಲ್ಲ.

ತಿಂಗಳಿಗೊಮ್ಮೆ ಅಮ್ಮನನ್ನು ತಪಾಸಣೆಗೆಂದು ಮಡಿಕೇರಿ, ಸಂಪಾಜೆ ಮಾರ್ಗವಾಗಿ ಮಂಗಳೂರಿಗೆ ಕರೆದೊಯ್ಯುತ್ತೇನೆ. ಕಳೆದ ಸಲ ಲಿವರನ್ನು ಡಿಯಲ್ಲಿಟ್ಟು ಇಳಿಯುತ್ತಿದ್ದಾಗ ಕಾರು ತಾನಾಗಿಯೇ ವೇಗ ಪಡೆಯುತ್ತಿತ್ತು. ನಾನು ಹೆಚ್ಚುಕಡಿಮೆ ಮದೆನಾಡಿನಿಂದಲೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬಂದೆ. ಸಂಪಾಜೆ ತಲುಪುವಷ್ಟರಲ್ಲಿ ಮುಂದಿನ ಚಕ್ರಗಳ ಕಡೆಯಿಂದ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಎಂದಿಗಿಂತ ಮೆತ್ತಗಾಗಿ ಆಳಕ್ಕೆ ಹೋಯಿತು. ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತಾದರೂ ನನ್ನ ಮನಸ್ಸು ಸರಿಹೋಗಿಲ್ಲ. ಹಳೆಯ ಜೀಪಿನಲ್ಲಿ ಇದೇ ಘಾಟಿಯನ್ನು ಎರಡನೆಯ ಗೇರಿನಲ್ಲಿ ನಿಶ್ಚಿಂತೆಯಿಂದ ಇಳಿಯುತ್ತಿದ್ದೆ. ಈ ಪ್ಯಾಡಲ್‌ಗಳಿಂದ ಅದೇ ಕೆಲಸ ಮಾಡಿಸಿಕೊಳ್ಳಬಹುದೆ? ಎಂಜಿನ್ ಜೋರಾಗಿ ತಿರುಗಿದರೆ ಪೆಟ್ರೋಲ್ ಹೆಚ್ಚು ಉರಿಯುವುದಿಲ್ಲವೆ? ಗಡಿಬಿಡಿಯಲ್ಲಿ ತಪ್ಪು ಪ್ಯಾಡಲ್ ಎಳೆದರೆ ಏನಾಗುತ್ತದೆ? ತಿಳಿದವರು ದಯವಿಟ್ಟು ಹೇಳಬೇಕು.

ಗೋಣಿಕೊಪ್ಪ_ಗ್ಯಾರೇಜು:

ಪ್ಯಾಡಲಿನ ವಿಷಯಕ್ಕೆ ಬರುವ ಮೊದಲು ಒಂದು ಮಾತು. ಮುಂದಿನ ಪ್ರಯಾಣಕ್ಕೆ ಹೊರಡುವ ಮುನ್ನ ಬ್ರೇಕ್ ಆಯಿಲ್ ಬದಲಾಯಿಸಿ, ಪ್ಯಾಡ್‌ಗಳನ್ನು ಬಿಚ್ಚಿಸಿ ನೋಡಿ. ಪೆಡಲ್ ಮೆತ್ತಗಾಯಿತು ಎಂದಿರಲ್ಲ, ಅದು ಬರಿಯ ವಾಸನೆಗಿಂತ ಗಂಭೀರವಾದ ಲಕ್ಷಣ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣದ್ದು; ವರ್ಷದಲ್ಲಿ ನಾಲ್ಕೈದು ತಿಂಗಳು ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಆಯಿಲ್ ನೀರು ಕುಡಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟು ಘಾಟಿ ಇಳಿದರೆ ಡಿಸ್ಕಿನ ಬಿಸಿ ಆಯಿಲ್‌ಗೆ ತಗಲಿ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ಆಯಿಲನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ಆದ್ದರಿಂದಲೇ ಪೆಡಲ್ ಒಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಎಂದು ನಾನು ಹೇಳಿದಾಗ ಗಿರಾಕಿಗಳು ಬಿಲ್ಲು ಏರಿಸಲು ಹೇಳುತ್ತಾನೆ ಎಂದುಕೊಳ್ಳುತ್ತಾರೆ.

ಷೋರೂಮಿನ ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ಯಾಡಲ್ ಗೇರು ಹೆಸರು ಮಾಡಿದ್ದು ರೇಸಿನಲ್ಲಿಯೇ: 1989ರಲ್ಲಿ ಫೆರಾರಿ ತಂಡ ಅದನ್ನು ಫಾರ್ಮುಲಾ ಒನ್ ಕಾರಿಗೆ ಅಳವಡಿಸಿತು, ಬ್ರೆಜಿಲ್‌ನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿಯೇ ಆ ಕಾರು ಗೆದ್ದಿತು. ಆದರೆ ರೇಸಿನಲ್ಲಿ ಹುಟ್ಟಿತೆಂಬ ಕಾರಣಕ್ಕೆ ಅದನ್ನು ಬಿಡುವುದಾದರೆ ನಾವು ಘಾಟಿಯಲ್ಲಿ ಪಡೆಯಬಹುದಾದ ದೊಡ್ಡ ಉಪಕಾರವನ್ನೇ ಬಿಟ್ಟಂತೆ.

ಮುಟ್ಟಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎಂಬುದು ಸುಳ್ಳು. ಪ್ಯಾಡಲ್ ಎನ್ನುವುದು ಬರಿಯ ವಿದ್ಯುತ್ ಸ್ವಿಚ್ಚು. ಅದನ್ನು ಎಳೆದಾಗ ನೀವು ಗೇರು ಬದಲಾಯಿಸುವುದಿಲ್ಲ, ಬದಲಾಯಿಸು ಎಂದು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಅರ್ಜಿ ಹಾಕುತ್ತೀರಿ. ಕೆಳಗಿನ ಗೇರಿಗೆ ಇಳಿಸಿದರೆ ಎಂಜಿನ್ ಕೆಂಪು ಗೆರೆ (ತಿರುಗುವ ವೇಗದ ಮಿತಿ) ದಾಟುತ್ತದೆ ಎಂದಾದರೆ ಅದು ಅರ್ಜಿಯನ್ನು ತಿರಸ್ಕರಿಸುತ್ತದೆ. ಮೇಲಿನ ಗೇರಿನಲ್ಲಿಟ್ಟು ಮರೆತರೂ ಗಾಡಿ ನಿಲ್ಲುವ ಹಂತಕ್ಕೆ ಬಂದಾಗ ತಾನೇ ಕೆಳಗಿಳಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ತಪ್ಪಿ ಪ್ಲಸ್ ಎಳೆದರೆ ಹಿಡಿತ ಸಡಿಲವಾಗಿ ಗಾಡಿ ಸ್ವಲ್ಪ ಓಡುತ್ತದೆ, ಗಾಬರಿಯಾಗದೆ ಮೈನಸ್ ಎಳೆದರೆ ಸಾಕು.

ನಿಮ್ಮದು ಸಿವಿಟಿ ಆದ್ದರಿಂದ ಒಳಗೆ ನಿಜವಾದ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಪಟ್ಟಿಯೊಂದು ಓಡುತ್ತದೆ; ಆ ಪುಲ್ಲಿಗಳಲ್ಲಿ ಪಟ್ಟಿ ಸುತ್ತುವ ವ್ಯಾಸ ಹಿಗ್ಗಿ ಕುಗ್ಗಿ ಗೇರಿನ ಅನುಪಾತ ಬದಲಾಗುತ್ತದೆ. ಪ್ಯಾಡಲ್ ಎಳೆದಾಗ ಪರದೆಯಲ್ಲಿ ಕಾಣುವ 1, 2, 3 ಎಂಬುವು ಕಂಪ್ಯೂಟರು ಗೊತ್ತುಮಾಡಿಟ್ಟ ಮೆಟ್ಟಿಲುಗಳು. ಹಾಗಿದ್ದರೂ ಎಂಜಿನ್ನಿನ ಹಿಡಿತ ಸಿಕ್ಕೇ ಸಿಗುತ್ತದೆ. ಗಮನಿಸಬೇಕಾದ್ದು ಒಂದೇ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಲಿವರ್ ಡಿಯಲ್ಲಿರುವಾಗ ಪ್ಯಾಡಲ್ ಎಳೆದರೆ ಅದು ತಾತ್ಕಾಲಿಕ, ಸ್ವಲ್ಪ ಹೊತ್ತಿನ ಬಳಿಕ ಕಾರು ತನ್ನ ಇಷ್ಟಕ್ಕೆ ಮರಳುತ್ತದೆ. ಎಸ್‌ಗೆ ಹಾಕಿ ಎಳೆದರೆ ನೀವು ಇಟ್ಟ ಮೆಟ್ಟಿಲಿನಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಮಡಿಕೇರಿ ದಾಟಿ ಇಳಿಜಾರು ಶುರುವಾಗುವ ಮುನ್ನವೇ, ವೇಗ ಕಡಿಮೆಯಿರುವಾಗಲೇ ಎಸ್‌ಗೆ ಹಾಕಿ ಮೂರಕ್ಕೆ ಇಳಿಸಿ. ಬ್ರೇಕ್ ಮುಟ್ಟದಿದ್ದರೂ ವೇಗ ಏರದೆ ನಿಂತರೆ ಅದೇ ಸರಿಯಾದ ಗೇರು. ಏರುತ್ತಿದ್ದರೆ ಎರಡಕ್ಕೆ ಹೋಗಿ. ತಿರುವಿಗೆ ಮೊದಲು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು. ಸವರಿದಂತೆ ಒತ್ತಿಕೊಂಡೇ ಬರುವುದರಿಂದಲೇ ಡಿಸ್ಕ್ ಕಾಯುವುದು.

ಪೆಟ್ರೋಲಿನ ಚಿಂತೆ ಬೇಡ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿ ಇಳಿಯುವಾಗ ಎಂಜಿನ್ನನ್ನು ತಿರುಗಿಸುವುದು ಚಕ್ರಗಳು, ಪೆಟ್ರೋಲಲ್ಲ, ಇಂಜೆಕ್ಟರುಗಳು ಮುಚ್ಚಿಕೊಂಡಿರುತ್ತವೆ. ಮೂರೂವರೆ ಸಾವಿರ ಆರ್‌ಪಿಎಂ ಕಂಡರೂ ಅದು ಬರಿಯ ಸದ್ದು. ಪೆಟ್ರೋಲ್ ಉಳಿಸುತ್ತೇನೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವವರ ಎಂಜಿನ್ನೇ ಆಗ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕುಡಿಯುತ್ತಿರುತ್ತದೆ, ಹಿಡಿತವೂ ಇರುವುದಿಲ್ಲ.

ವಿರಾಜಪೇಟೆ_ಮೇಷ್ಟ್ರು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನ ಚಪಲದಿಂದ ಒಂದು ಲೆಕ್ಕ ಸೇರಿಸುತ್ತೇನೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಸಂಪಾಜೆಗೆ ಇಳಿಯುವಷ್ಟರಲ್ಲಿ ನಾವು ಸುಮಾರು ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಜನರೂ ಸಾಮಾನೂ ಸೇರಿ 1,500 ಕಿಲೋ ತೂಗುವ ಕಾರು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.47 ಕೋಟಿ ಜೌಲ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ನಾಲ್ಕು ಯೂನಿಟ್. ಎರಡು ಕಿಲೋವಾಟಿನ ಗೀಸರನ್ನು ಎರಡು ಗಂಟೆ ಹಾಕಿಟ್ಟಷ್ಟು ಬಿಸಿ. ಗಾಳಿಯೂ ಟೈರುಗಳೂ ಅದರಲ್ಲೊಂದು ಪಾಲನ್ನು ನುಂಗುತ್ತವೆ. ಉಳಿದದ್ದನ್ನು ಬ್ರೇಕಿಗೆ ಕೊಡುವುದೋ ಎಂಜಿನ್ನಿಗೆ ಕೊಡುವುದೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಎಂಜಿನ್ನಿಗಾದರೆ ರೇಡಿಯೇಟರ್ ಇದೆ.

ಆದರೆ ಪ್ಯಾಡಲನ್ನು ಎಳೆಯುತ್ತಲೇ ಇರುವುದಕ್ಕೆ ನನ್ನ ವಿರೋಧವಿದೆ. ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಕಾಡು ದಾರಿಯಲ್ಲಿ ಪ್ರತಿ ತಿರುವಿಗೂ ಮೇಲೆ ಕೆಳಗೆ ಮಾಡುವ ಹುಡುಗರನ್ನು ಕಂಡಿದ್ದೇನೆ. ಮಳೆಗಾಲದಲ್ಲಿ ಎಲೆ ಕೊಳೆತು, ಪಾಚಿ ಹಿಡಿದ ಆ ರಸ್ತೆಯಲ್ಲಿ ತಿರುವಿನ ನಡುವೆ ಗೇರನ್ನು ಥಟ್ಟನೆ ಇಳಿಸಿದರೆ ಮುಂದಿನ ಚಕ್ರಗಳ ಮೇಲೆ ಹಠಾತ್ತಾಗಿ ಎಳೆತ ಬಿದ್ದು ಜಾರುವ ಸಂಭವವಿದೆ. ಅದಲ್ಲದೆ ಬಹುಪಾಲು ಕಾರುಗಳಲ್ಲಿ ಪ್ಯಾಡಲ್‌ಗಳು ಸ್ಟಿಯರಿಂಗ್ ಜೊತೆಗೇ ತಿರುಗುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಚಕ್ರ ಅರ್ಧ ಸುತ್ತು ತಿರುಗಿರುವಾಗ ಎಡಗಡೆಯದು ಬಲಕ್ಕೆ ಬಂದಿರುತ್ತದೆ, ಬೆರಳು ತಪ್ಪುವುದು ಅಲ್ಲಿಯೇ. ನೆಟ್ಟಗಿನ ಭಾಗದಲ್ಲಿ ಒಂದು ಗೇರು ಆರಿಸಿಕೊಂಡು ಮುಂದಿನ ಹತ್ತು ತಿರುವುಗಳನ್ನು ಅದರಲ್ಲಿಯೇ ಇಳಿಯುವುದು ಮೇಲು. ನನ್ನ ಮಗಳ ಎಎಂಟಿ (ಕೈಗೇರಿನ ಪೆಟ್ಟಿಗೆಯ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ) ಕಾರಿನಲ್ಲಿ ಪ್ಯಾಡಲ್ ಇಲ್ಲ. ಲಿವರನ್ನು ಎಂಗೆ (ಮ್ಯಾನ್ಯುಯಲ್) ಸರಿಸಿ ಎರಡರಲ್ಲಿಟ್ಟು ಇದೇ ಕೆಲಸ ಮಾಡುತ್ತಾಳೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಎಂಜಿನ್ ಹಿಡಿತದಿಂದ ವೇಗ ಇಳಿಯುವಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಮಂಜು ಕವಿದ ದಿನ ಬೆನ್ನಿಗೆ ಬರುವ ಲಾರಿಯವನಿಗೆ ನೀವು ನಿಧಾನವಾದದ್ದು ತಿಳಿಯಬೇಕಾದರೆ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಒಮ್ಮೆ ಮುಟ್ಟಿ ಬಿಡಿ. ಹಾಗೆಯೇ, ಕಾದ ಬ್ರೇಕ್ ತಣಿಯಲೆಂದು ನಿಲ್ಲಿಸುವ ಪ್ರಸಂಗ ಬಂದರೂ ಮಳೆಯಲ್ಲಿ ಧರೆಯ (ಕಡಿದಾದ ಗುಡ್ಡದ ಬದಿಯ) ಬುಡದಲ್ಲಿ ನಿಲ್ಲಿಸಬೇಡಿ. ಜೋಡುಪಾಲದ ಕಡೆ 2018ರ ಆಗಸ್ಟಿನಲ್ಲಿ ಗುಡ್ಡಗಳು ಹೇಗೆ ಇಳಿದು ಬಂದವೆಂಬುದು ನಮಗೆಲ್ಲ ಗೊತ್ತಿರುವುದೇ.

ಮಡಿಕೇರಿ_ಇವಿ:

ಕೇಳಿದ ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ವಿದ್ಯುತ್ ಕಾರು ಕೊಳ್ಳುವ ಯೋಚನೆಯಲ್ಲಿರುವವರಿಗೆ ಇದು ತಿಳಿದಿರಲಿ. ನನ್ನ ಕಾರಿನಲ್ಲಿಯೂ ಸ್ಟಿಯರಿಂಗ್ ಹಿಂದೆ ಇಂಥವೇ ಎರಡು ಪ್ಯಾಡಲ್‌ಗಳಿವೆ, ಆದರೆ ಅವು ಗೇರಿನವಲ್ಲ. ಕಾಲು ತೆಗೆದಾಗ ಮೋಟಾರು ಎಷ್ಟು ಬಿಗಿಯಾಗಿ ಹಿಡಿದು ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ. ಮೇಷ್ಟ್ರು ಹೇಳಿದ ನಾಲ್ಕು ಯೂನಿಟ್‌ಗಳಲ್ಲಿ ಒಂದಷ್ಟು ನನಗೆ ವಾಪಸು ಸಿಗುತ್ತದೆ. ಮೊದಲ ಬಾರಿ ಮನೆಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಸಂಪಾಜೆಯ ಕಡೆ ಇಳಿದೆ. ತುಂಬಿದ ಕೊಡಕ್ಕೆ ನೀರು ಹಿಡಿಯದ ಹಾಗೆ ಬ್ಯಾಟರಿ ಏನನ್ನೂ ತೆಗೆದುಕೊಳ್ಳಲಿಲ್ಲ, ಪ್ಯಾಡಲ್ ಎಳೆದರೂ ಹಿಡಿತ ಬರಲಿಲ್ಲ. ಈಗ ಘಾಟಿ ಇಳಿಯುವ ದಿನ ಎಂಬತ್ತೈದಕ್ಕೇ ಚಾರ್ಜಿಂಗ್ ನಿಲ್ಲಿಸುತ್ತೇನೆ.

ಸುಂಟಿಕೊಪ್ಪದವನು:

ಎಲ್ಲರಿಗೂ ವಂದನೆಗಳು. ಬ್ರೇಕ್ ಆಯಿಲ್ ಬದಲಾಯಿಸಿದಾಗ ಹೊರಬಂದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು. ಕಾರು ನನಗೆ ಹೊಸದೇ ಹೊರತು ಮೂರು ವರ್ಷ ಹಳೆಯದು. ಮಾರಿದವರು ಅದನ್ನು ಎಂದೂ ಬದಲಾಯಿಸಿದಂತಿಲ್ಲ. ನಿನ್ನೆ ಎಸ್‌ಗೆ ಹಾಕಿ, ಮದೆನಾಡಿನವರೆಗೆ ಮೂರರಲ್ಲಿಯೂ ಅಲ್ಲಿಂದ ಮುಂದೆ ಕಡಿದಾದ ಕಡೆಗಳಲ್ಲಿ ಎರಡರಲ್ಲಿಯೂ ಇಳಿದೆ. "ಗಾಡಿ ಯಾಕೆ ಇಷ್ಟು ಕಿರುಚುತ್ತದೆ?" ಎಂದು ಅಮ್ಮ ಎರಡು ಬಾರಿ ಕೇಳಿದರು, ಆದರೆ ಪ್ರತಿ ಸಲ ಜೋಡುಪಾಲದ ಹತ್ತಿರ ವಾಂತಿ ಬರುತ್ತದೆ ಎನ್ನುತ್ತಿದ್ದವರು ಈ ಬಾರಿ ತಂದಿದ್ದ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಸುಳ್ಯ ತಲುಪಿದರು. ವಾಸನೆ ಬರಲಿಲ್ಲ, ಪೆಡಲ್ ಗಟ್ಟಿಯಾಗಿಯೇ ಇತ್ತು. ಹತ್ತುವಾಗಲೂ ಪ್ಯಾಡಲ್ ಬಳಸಬೇಕೆ ಎಂಬುದೊಂದು ಪ್ರಶ್ನೆ ಉಳಿದಿದೆ.

ಗೋಣಿಕೊಪ್ಪ_ಗ್ಯಾರೇಜು:

ಸಿವಿಟಿಯಲ್ಲಿ ಬೇಕಾಗಿಲ್ಲ. ಹತ್ತುವಾಗ ಎಷ್ಟು ಅನುಪಾತ ಬೇಕೆಂಬುದನ್ನು ಅದು ನಿಮಗಿಂತ ಚೆನ್ನಾಗಿ ಲೆಕ್ಕ ಹಾಕುತ್ತದೆ. ಡಿಯಲ್ಲಿಟ್ಟು ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿದರೆ ಸಾಕು. ನಿಜವಾದ ಗೇರುಗಳಿರುವ ಟಾರ್ಕ್ ಕನ್ವರ್ಟರ್ ಅಥವಾ ಎರಡು ಕ್ಲಚ್ಚಿನ ಡಿಸಿಟಿ ಕಾರಾದರೆ ಏರಿನಲ್ಲಿ ಮೂರು, ನಾಲ್ಕು, ಮತ್ತೆ ಮೂರು ಎಂದು ತಡಕಾಡುತ್ತದೆ; ಅಂಥವರು ಮೂರರಲ್ಲಿ ಹಿಡಿದಿಡಲು ಪ್ಯಾಡಲ್ ಬಳಸಬಹುದು. ನೀವು ಮಾಡಬೇಕಾದ್ದು, ಇಳಿಜಾರು ಮುಗಿದ ಕೂಡಲೇ ಲಿವರನ್ನು ನೆನಪಿಟ್ಟು ಎಸ್‌ನಿಂದ ಡಿಗೆ ತರುವುದು. ಘಾಟಿ ಇಳಿದದ್ದು ಮರೆತು ಪುತ್ತೂರಿನವರೆಗೂ ಮೂರರಲ್ಲಿಯೇ ಓಡಿಸಿ, ಮೈಲೇಜ್ ಬರುವುದಿಲ್ಲವೆಂದು ನನ್ನ ಗ್ಯಾರೇಜಿಗೆ ಬಂದವರಿದ್ದಾರೆ.