ಮೀಟರ್ 1.1 ತೋರಿಸುವ ಬೋಟಿನ ಮಾತು ಯಾರಿಗೂ ಕೇಳುವುದಿಲ್ಲ, ಯಾಕೆ?

ಮಲ್ಪೆ ರಿಪೇರಿಯವ:

ಮಲ್ಪೆ ಬಂದರಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಉಂಟು. ಮೊದಲು ಬರೀ ಟಿವಿ, ಡಿಶ್ ಕೆಲಸ. ಈಗ ಬೋಟುಗಳ ವೈರ್‌ಲೆಸ್ ಸೆಟ್ಟೂ ಬರುತ್ತವೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ ಅಲ್ವಾ, ಎಲ್ಲ ಬೋಟೂ ದಕ್ಕೆಯಲ್ಲೇ ಇರುತ್ತವೆ. ಆದರೂ ಎಲ್ಲರಿಗೂ ನೆನಪಾಗುವುದು ಜುಲೈ ಕೊನೆಯ ವಾರದಲ್ಲೇ.

ಮೊದಲನೇ ಬೋಟಿನಲ್ಲಿ ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲನ್ನು ಇಲಿ ಕಡಿದಿತ್ತು. ಅಂಗಡಿಯಲ್ಲಿ ಇಂಥ ಸೆಟ್ಟಿಗೆ ಹಾಕುವ 50 ಓಮ್ ಕೇಬಲ್ ಆರ್‌ಜಿ-58 ಮುಗಿದಿತ್ತು, ಹೊರಗೆ ಜೋರು ಮಳೆ. ಸದ್ಯಕ್ಕೆ ಇರಲಿ ಅಂತ ಡಿಶ್‌ಗೆ ಹಾಕುವ ಆರ್‌ಜಿ-6 ಎಳೆದೆ. ಎಸ್‌ಡಬ್ಲ್ಯುಆರ್ ಮೀಟರ್ (ಸೆಟ್ಟಿನಿಂದ ಹೊರಟ ಅಲೆಯಲ್ಲಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವುದು, 1 ಅಂದರೆ ಎಂತದೂ ವಾಪಸ್ ಇಲ್ಲ) 2.1 ತೋರಿಸಿತು. ಕನೆಕ್ಟರ್ ಸರಿ ಕೂತಿಲ್ಲವೇನೋ ಅಂತ ತುದಿ ಕತ್ತರಿಸಿ ಮತ್ತೆ ಹಾಕಿದೆ. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ತುಂಡು ಹೋಗಿರಬಹುದು. ಈಗ ಮುಳ್ಳು 1.1! ಮಾತು ಮಾತ್ರ ಎರಡೂ ಸಲ ಒಂದೇ ಥರ ಚೆನ್ನಾಗಿಯೇ ಕೇಳಿತು.

ಎರಡನೇ ಬೋಟಿನಲ್ಲಿ ಹಳೇ ಆರ್‌ಜಿ-58, ಸುಮಾರು 12 ಮೀಟರ್. ನಾನು ಕೈ ಹಾಕುವ ಮೊದಲೇ ಮೀಟರ್ 1.1. ಆದರೆ ಕಳೆದ ಸೀಸನ್ನಿನಲ್ಲಿ ಸ್ವಲ್ಪ ದೂರ ಹೋದರೆ ಸಾಕು, ಬೇರೆ ಬೋಟಿನವರಿಗೆ ಎಂತದೂ ಕೇಳುತ್ತಿರಲಿಲ್ಲ ಎನ್ನುತ್ತಾರೆ ಬೋಟು ನಡೆಸುವ ತಾಂಡೇಲರು. ಸೆಟ್ ಬದಲಿಸಿ ನೋಡಿದೆ, ಅದೇ ಕಥೆ.

ಇನ್ನೊಂದು, ನಗಬೇಡಿ. ಆ ಆರ್‌ಜಿ-6 ಕೇಬಲ್ ಮೇಲೆ 75 ಓಮ್ ಅಂತ ಉಂಟು. ಮಲ್ಟಿಮೀಟರ್ ಹಿಡಿದರೆ ಒಳಗಿನ ತಂತಿಗೂ ಸುತ್ತಲಿನ ಜಾಲರಿಗೂ ನಡುವೆ ಓಪನ್ ತೋರಿಸುತ್ತದೆ. ಹಾಗಾದರೆ ಆ 75 ಎಲ್ಲಿ ಉಂಟು ಮಾರಾಯ್ರೇ?

ಕಾರ್ಕಳ_93:

ಟಿವಿ ಕೇಬಲ್ ಮೊದಲು ತೆಗೆಯಿರಿ. ಸೆಟ್ 50 ಓಮ್, ಕೇಬಲ್ 75. ಸೆಟ್ಟಿನಿಂದ ಪವರ್ ಹೊರಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್ ಸುಟ್ಟು ಹೋಗುತ್ತದೆ.

ಮಣಿಪಾಲದ ಹ್ಯಾಮ್:

ಕಾರ್ಕಳದವರೇ, ಅಷ್ಟೆಲ್ಲ ಹೆದರಿಸಬೇಡಿ. 75ರಿಂದ 50 ಕಳೆದು, ಎರಡರ ಮೊತ್ತ 125ರಿಂದ ಭಾಗಿಸಿ. 0.2 ಬಂತು. ವೋಲ್ಟೇಜಿನಲ್ಲಿ ಐದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಪವರ್ ಲೆಕ್ಕದಲ್ಲಿ ಬರೀ 4 ಪರ್ಸೆಂಟ್. 25 ವ್ಯಾಟ್ ಸೆಟ್ಟಿನಲ್ಲಿ 1 ವ್ಯಾಟ್. ಅದಕ್ಕೆಲ್ಲ ಸೆಟ್ ಸುಡುವುದಿಲ್ಲ.

ರಿಪೇರಿಯವರೇ, ನಗುವ ಪ್ರಶ್ನೆ ಅಲ್ಲ ಅದು. ನೀವು ಸೆಟ್ಟಿನ ಬಟನ್ ಒತ್ತಿದ ಕ್ಷಣ ಅಲೆ ಕೇಬಲಿನೊಳಗೆ ಹೊರಡುತ್ತದೆ. ಆ ತುದಿಯಲ್ಲಿ ಆಂಟೆನಾ ಉಂಟೋ, ತುಂಡಾದ ತಂತಿ ಉಂಟೋ ಅದಕ್ಕೆ ಗೊತ್ತಿಲ್ಲ. ಹೋಗುತ್ತಾ ಹೋಗುತ್ತಾ ಕೇಬಲಿನ ಕೆಪಾಸಿಟನ್ಸನ್ನು (ಚಾರ್ಜ್ ಹಿಡಿದಿಡುವ ಗುಣ) ತುಂಬಿಸಬೇಕು, ಇಂಡಕ್ಟನ್ಸನ್ನು (ಕರೆಂಟ್ ಬದಲಾಗುವುದನ್ನು ತಡೆಯುವ ಗುಣ) ದಾಟಬೇಕು. ಆ ಓಡುವ ಅಲೆಯಲ್ಲಿ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತವೇ ನಿಮ್ಮ ಓಮ್. ಆರ್‌ಜಿ-58ರಲ್ಲಿ ಮೀಟರಿಗೆ ಸುಮಾರು 250 ನ್ಯಾನೋಹೆನ್ರಿ, 100 ಪಿಕೋಫ್ಯಾರಡ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ (ಒಂದು ನ್ಯಾನೋ ಅಂದರೆ ಸಾವಿರ ಪಿಕೋ) 2500, ಅದರ ವರ್ಗಮೂಲ 50. ತಾಮ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಲ್ಟಿಮೀಟರಿಗೂ ಅದು ಕಾಣಬಹುದಿತ್ತು, ಆದರೆ 12 ಮೀಟರ್ ಕೇಬಲಿನಲ್ಲಿ ಅಲೆ ಹೋಗಿ ವಾಪಸ್ ಬರಲು ಒಂದು ಸೆಕೆಂಡಿನ ಒಂದು ಕೋಟಿಯಲ್ಲಿ ಒಂದೂಕಾಲು ಪಾಲು ಸಾಕು. ನೀವು ಪಿನ್ ಮುಟ್ಟಿಸಿ ಕಣ್ಣು ಮಿಟುಕಿಸುವ ಮೊದಲೇ ಎಲ್ಲ ಮುಗಿದಿರುತ್ತದೆ. ಆಮೇಲೆ ಉಳಿಯುವುದು ತುದಿಯ ಸುದ್ದಿ ಮಾತ್ರ: ಓಪನ್.

ಈಗ ನಿಮ್ಮ ಮೊಳದ ಲೆಕ್ಕ. ಚಾನಲ್ 16 ಅಂದರೆ 156.8 ಮೆಗಾಹರ್ಟ್ಸ್, ಗಾಳಿಯಲ್ಲಿ ಅಲೆಯ ಉದ್ದ 1.91 ಮೀಟರ್. ಆರ್‌ಜಿ-6ರೊಳಗೆ ವೇಗ ಸುಮಾರು ನೂರಕ್ಕೆ 83, ಹಾಗಾಗಿ ಕಾಲು ಅಲೆ ಎಂದರೆ ಸುಮಾರು 40 ಸೆಂಟಿಮೀಟರ್. ನೀವು ಕತ್ತರಿಸಿದ್ದು ಹೆಚ್ಚುಕಡಿಮೆ ಅಷ್ಟೇ! 75 ಓಮ್ ಕೇಬಲಿನ ಉದ್ದ ಅರ್ಧ ಅಲೆಯ ಲೆಕ್ಕಕ್ಕೆ ಸರಿಯಾಗಿ ಬಂದರೆ ಆಂಟೆನಾದ 50 ಓಮ್ ಸೆಟ್ಟಿಗೆ 50 ಆಗಿಯೇ ಕಾಣುತ್ತದೆ. ಅದರ ಮೇಲೆ ಕಾಲು ಅಲೆ ಜಾಸ್ತಿಯಾದರೆ 112 ಓಮ್ ಆಗಿ ಕಾಣುತ್ತದೆ, ಎಸ್‌ಡಬ್ಲ್ಯುಆರ್ ಎರಡು ದಾಟುತ್ತದೆ. ಕತ್ತರಿ ಹಾಕಿ ನೀವು ಸರಿ ಮಾಡಿದ್ದು ಸೆಟ್ಟಿಗೆ ಕಾಣುವುದನ್ನು ಮಾತ್ರ. ಕೇಬಲಿನ ಒಳಗೆ ವಾಪಸ್ ಬರುವ ಅಲೆ ಹಾಗೇ ಉಂಟು. ನಷ್ಟ ಸಣ್ಣದು, ಮಾತು ಕೇಳಿದ್ದು ಅದಕ್ಕೇ.

ಆದರೂ ಆ ಕೇಬಲ್ ತೆಗೆಯಿರಿ. ಓಮ್‌ಗಾಗಿ ಅಲ್ಲ, ಉಪ್ಪಿಗಾಗಿ. ಆರ್‌ಜಿ-6ರಲ್ಲಿ ಸಾಮಾನ್ಯವಾಗಿ ಒಳಗಿನದು ತಾಮ್ರದ ಲೇಪ ಇರುವ ಉಕ್ಕು, ಜಾಲರಿ ಅಲ್ಯೂಮಿನಿಯಂ. ಸೋಲ್ಡರ್ ಹಿಡಿಯುವುದಿಲ್ಲ, ಬೋಟಿನ ಮೇಲೆ ಜಾಸ್ತಿ ದಿನ ಬಾಳುವುದಿಲ್ಲ.

ಎರಡನೇ ಬೋಟೇ ನಿಜವಾದ ಕಾಯಿಲೆ. ಒಂದು ಕೆಲಸ ಮಾಡಿ. ಮೇಲೆ ಆಂಟೆನಾ ಕಳಚಿ, ಸೆಟ್ಟನ್ನು 1 ವ್ಯಾಟ್‌ಗೆ ಇಟ್ಟು, ಒಂದು ಸೆಕೆಂಡ್ ಮಾತ್ರ ಒತ್ತಿ ಮೀಟರ್ ನೋಡಿ. ದಯವಿಟ್ಟು ಚಾನಲ್ 16ರಲ್ಲಿ ಬೇಡ, ಅದು ಅಪಾಯದ ಕರೆಗೆ ಇರುವುದು.

ಲೈನ್‌ನವ, ಕಾಪು:

ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬಾಯಿ ಹಾಕುತ್ತೇನೆ. ನಮ್ಮ ಕರೆಂಟ್ ಲೈನಿನ 50 ಹರ್ಟ್ಸಿನಲ್ಲಿ ಅಲೆಯ ಉದ್ದ 6000 ಕಿಲೋಮೀಟರ್. ಎಲ್ಲೂರಿನ ವಿದ್ಯುತ್ ಸ್ಥಾವರದಿಂದ ಹಾಸನದ ಕಡೆ ಹೋಗುವ 400 ಕೆವಿ ಲೈನೂ ಅದರ ಮುಂದೆ ಒಂದು ಗೇಣು. ಆದರೆ ಸಿಡಿಲು ಬಡಿದಾಗ ಇದೇ ಲೆಕ್ಕ ನಮಗೂ ಬರುತ್ತದೆ. ಲೈನಿನ ತುದಿ ಓಪನ್ ಇದ್ದರೆ ಓಡಿ ಬಂದ ಸರ್ಜ್, ಅಂದರೆ ಸಿಡಿಲಿನ ವೋಲ್ಟೇಜ್ ಅಲೆ, ಅಲ್ಲಿ ದುಪ್ಪಟ್ಟಾಗುತ್ತದೆ. ಸರ್ಜನ್ನು ನೆಲಕ್ಕೆ ಇಳಿಸುವ ಅರೆಸ್ಟರ್‌ಗಳನ್ನು ಟ್ರಾನ್ಸ್‌ಫಾರ್ಮರಿಗೆ ಆದಷ್ಟು ಹತ್ತಿರ ಕೂರಿಸುವುದು ಅದಕ್ಕೇ. ಓಮಿನಲ್ಲಿ ಅಳೆಯುವ ಇಂಥ ವೋಲ್ಟೇಜ್-ಕರೆಂಟ್ ಅನುಪಾತಕ್ಕೆ ಇಂಪಿಡೆನ್ಸ್ ಎಂಬ ಹೆಸರು ಕೊಟ್ಟ ಹೆವಿಸೈಡ್ ಕೂಡ ಮೊದಲು ಟೆಲಿಗ್ರಾಫ್ ಆಪರೇಟರ್. 1886ರ ಮಾತು ಅದು. ಕೇಬಲ್ ಕಾಟ ಕೊಟ್ಟವರಿಗೇ ಈ ಲೆಕ್ಕ ಹೊಳೆಯುವುದು ಅನಿಸುತ್ತದೆ.

ಮಲ್ಪೆ ರಿಪೇರಿಯವ:

ಮಾಡಿದೆ. ಆಂಟೆನಾ ಇಲ್ಲದೆಯೂ ಮೀಟರ್ 1.5! ತುದಿಯಲ್ಲಿ ಎಂತದೂ ಇಲ್ಲ, ಆದರೂ ಎಲ್ಲ ಸರಿ ಉಂಟು ಎನ್ನುತ್ತದೆ. ನನಗೆ ತಲೆ ಬಿಸಿ.

ಮಣಿಪಾಲದ ಹ್ಯಾಮ್:

ಸಿಕ್ಕಿತು. ಹೊಸ ಆರ್‌ಜಿ-58 ಆಗಿದ್ದರೆ 12 ಮೀಟರಿಗೆ ಮೂರೂವರೆ, ನಾಲ್ಕು ತೋರಿಸಬೇಕಿತ್ತು. ತುದಿಯಿಂದ ಅಲೆ ಪೂರ್ತಿ ವಾಪಸ್ ಹೊರಡುತ್ತದೆ, ಆದರೆ ಹೋಗುವಾಗಲೂ ಬರುವಾಗಲೂ ದಾರಿಯುದ್ದಕ್ಕೂ ನಿಮ್ಮ ಕೇಬಲ್ ಅದನ್ನು ತಿನ್ನುತ್ತಿದೆ. ಮೀಟರ್ ಇರುವುದು ಸೆಟ್ಟಿನ ಹತ್ತಿರ. ವಾಪಸ್ ಬಂದದ್ದನ್ನು ಮಾತ್ರ ಅದು ಅಳೆಯುತ್ತದೆ. ಬರಲೇ ಇಲ್ಲ ಅಂದರೆ ಆಂಟೆನಾ ಚೆನ್ನಾಗಿದೆ ಅಂತ ತಿಳಿಯುತ್ತದೆ, ಪಾಪ.

1.5 ಅಂದರೆ ಒಂದು ದಾರಿಗೆ ಸುಮಾರು 7 ಡಿಬಿ ನಷ್ಟ. 25 ವ್ಯಾಟಿನಲ್ಲಿ ಮೇಲೆ ಮುಟ್ಟುವುದು 5. ಕೇಳುವಾಗಲೂ ಅಷ್ಟೇ ಹೋಗುತ್ತದೆ. ಕಂಬದ ಮೇಲಿನ ಕನೆಕ್ಟರ್ ಬಿಚ್ಚಿ ನೋಡಿ, ನೀರು ಇರುತ್ತದೆ. ಪಿಎಲ್-259 ನೀರು ತಡೆಯುವ ಕನೆಕ್ಟರ್ ಅಲ್ಲ.

ಮಲ್ಪೆ ರಿಪೇರಿಯವ:

ನಿನ್ನೆ ಹತ್ತಿದೆ. ಕನೆಕ್ಟರ್ ತಿರುಗಿಸಿದ ಕೂಡಲೇ ಮೊಣಕೈವರೆಗೆ ನೀರು ಇಳಿಯಿತು. ಹಳೇ ಇನ್ಸುಲೇಷನ್ ಟೇಪ್ ಬಾಳೆನಾರಿನ ಹಾಗೆ ಕೈಗೆ ಬಂತು. ಕೇಬಲ್ ಕೊಯ್ದು ನೋಡಿದರೆ ಜಾಲರಿ ಕಪ್ಪು, ಅಲ್ಲಲ್ಲಿ ಹಸಿರು. ಎರಡು ಅಡಿ ಕತ್ತರಿಸಿದೆ, ಕಪ್ಪು. ಇನ್ನೆರಡು ಅಡಿ, ಮತ್ತೂ ಕಪ್ಪು. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಜಾಲರಿ ನೀರನ್ನು ಕೆಳಗಿನವರೆಗೆ ಎಳೆದುಕೊಂಡಿದೆ.

ಪೂರ್ತಿ ಕಿತ್ತು ದಪ್ಪದ, ನಷ್ಟ ಕಡಿಮೆ ಇರುವ 50 ಓಮ್ ಕೇಬಲ್ ಆರ್‌ಜಿ-213 ಹಾಕಿದೆ. ಕನೆಕ್ಟರ್ ಮೇಲೆ ಎಳೆದು ಸುತ್ತುವ ರಬ್ಬರ್ ಟೇಪ್, ಅದರ ಮೇಲೆ ಮಾಮೂಲು ಟೇಪ್. ಮೊದಲನೇ ಬೋಟಿಗೂ ಅದನ್ನೇ ಎಳೆಯುತ್ತೇನೆ.

ಈಗ ಮೀಟರ್ 1.4, ಆಂಟೆನಾದಿಂದ ವಾಪಸ್ ಬರುವ ಅಲೆ ಈಗ ಮೀಟರಿನವರೆಗೆ ಮುಟ್ಟುತ್ತದಲ್ಲ. ತಾಂಡೇಲರು ಪಕ್ಕದಲ್ಲೇ ನಿಂತು ಮುಳ್ಳು ನೋಡುತ್ತಿದ್ದರು. "ಮೊದಲು 1.1 ಇತ್ತಲ್ಲ ಮಾರಾಯ, ನೀನು ಹಾಳು ಮಾಡಿದೆ" ಅಂತ ಈಗ ದುಡ್ಡು ಕೊಡಲು ತಯಾರಿಲ್ಲ. ಆಗಸ್ಟ್ ಒಂದಕ್ಕೆ ಹೊರಗೆ ಹೋಗಿ ಮಾತಾಡಿದ ಮೇಲೆಯೇ ಬಿಲ್ಲಂತೆ.